ಕೆಲಸ ಇಷ್ಟ, ಆದರೂ ಮೇ ಕೊನೆಯಲ್ಲಿ ಯಾಕೆ ಹೀಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ನನ್ನನ್ನು ಅಕ್ಕೋರು ಅಂತ ಕರೆಯುತ್ತಾರೆ. ಈ ಕೆಲಸ ನನಗೆ ತುಂಬಾ ಇಷ್ಟ. ಪ್ರತಿ ಬೇಸಿಗೆ ರಜೆಗೆ ಸಿರ್ಸಿ ಹತ್ತಿರದ ತವರಿಗೆ ಹೋಗುತ್ತೇನೆ. ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಮೇ 20 ದಾಟಿತು ಅಂದರೆ ಹೊಟ್ಟೆಯಲ್ಲಿ ಸಂಕಟ ಶುರು. ರಾತ್ರಿ ನಿದ್ದೆ ಬರುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದಾರೆ. "ಇಷ್ಟು ದಿನ ರಜೆ ಸಿಕ್ಕಿದ ಮೇಲೂ ಹೀಗಾ?" ಅಂತಾರೆ. ಶಾಲೆ ಶುರುವಾದ ದಿನ ಎಲ್ಲ ಮಾಯ. ಜೂನ್ ಪೂರ್ತಿ ಉತ್ಸಾಹದಲ್ಲಿ ಓಡಾಡುತ್ತೇನೆ. ಆದರೆ ಆಗಸ್ಟ್ ಹೊತ್ತಿಗೆ ಗಂಟಲೂ ಕೂತುಹೋಗಿ, ನಾನೂ ಸುಸ್ತಾಗಿರುತ್ತೇನೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಅಯ್ಯೋ, ಮತ್ತೆ ಶುರುವಾಯ್ತಲ್ಲ" ಅನ್ನುವಾಗ ನನ್ನ ಖುಷಿ ತೋರಿಸಲಿಕ್ಕೂ ಮುಜುಗರ. ನನಗೆ ಈ ಕೆಲಸ ನಿಜವಾಗಲೂ ಇಷ್ಟ ಇದೆಯಾ? ಅಥವಾ ಹಾಗಂತ ಅಂದುಕೊಂಡಿದ್ದೇನಾ? ಶಾಲೆ ತೆರೆಯುವುದಕ್ಕೆ ಎರಡು ದಿನ ಮೊದಲೇ ಹೋಗಿ ಪ್ರಯೋಗದ ಸಾಮಾನು ಜೋಡಿಸಿಕೊಂಡರೆ ಮನಸ್ಸು ಹಗುರ ಆಗುತ್ತಾ?

ಉತ್ತರ: ಅಕ್ಕೋರೇ,

ಮಕ್ಕಳು ಕರೆಯುವ ಹಾಗೇ ನಾನೂ ಕರೆಯುತ್ತೇನೆ. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು "ನಿಜವಾಗಲೂ ಇಷ್ಟ ಇದೆಯಾ" ಅನ್ನುವ ಪ್ರಶ್ನೆ. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಷ್ಟ ಇದೆ. ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಶಾಲೆ ಶುರುವಾದ ದಿನವೇ ಸಂಕಟ ಮಾಯ ಆಗುತ್ತದೆ ಅಂತ ನೀವೇ ಬರೆದಿದ್ದೀರಿ. ಕೆಲಸ ಬೇಡವಾದವರಿಗೆ ಹಾಗಾಗುವುದಿಲ್ಲ. ಅವರ ಸಂಕಟ ಜೂನ್ ತಿಂಗಳ ಪ್ರತಿ ಭಾನುವಾರ ಸಂಜೆ ಮತ್ತೆ ಬಂದು ಕೂರುತ್ತದೆ. ಸೋಮವಾರ ತರಗತಿಯೊಳಗೆ ಕಾಲಿಟ್ಟರೂ ಮನಸ್ಸು ಅರಳುವುದಿಲ್ಲ. ನಿಮಗೆ ಮಕ್ಕಳ ಮುಖ ಕಂಡ ಕೂಡಲೇ ಎಲ್ಲ ಸರಿಹೋಗುತ್ತದೆ ಅಂದರೆ ಆ ಪ್ರೀತಿಯನ್ನು ಅನುಮಾನಿಸಬೇಡಿ.

ನನಗೆ ಚಿಂತೆ ಆಗಿರುವುದು ನಿಮ್ಮ ಮೇ ತಿಂಗಳ ಬಗ್ಗೆ ಅಲ್ಲ, ಜೂನ್ ಬಗ್ಗೆ. ನೀವು ಜೂನ್ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆದರೆ ಆಗಸ್ಟ್‌ನ ಸುಸ್ತು ಶುರುವಾಗುವುದು ಅಲ್ಲೇ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಮೇ ಕೊನೆಯ ಆ ಹತ್ತು ದಿನ ನೋಡೋಣ.

ಆ ಸಂಕಟವನ್ನು ನೀವು ಒಂದೇ ಗಂಟಾಗಿ ನೋಡುತ್ತಿದ್ದೀರಿ. ಅದನ್ನು ಬಿಚ್ಚಿದರೆ ಒಳಗೆ ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಅಮ್ಮ. ಪತ್ರದಲ್ಲಿ ಅಮ್ಮನ ಬಗ್ಗೆ ಎರಡು ಮಾತು ಮಾತ್ರ ಇದೆ, ಆದರೆ ಅಳುವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ ಅನ್ನಿಸಿತು. ಏಪ್ರಿಲ್‌ನಿಂದ ಒಟ್ಟಿಗೆ ಇದ್ದು, ಹಲಸಿನ ಹಪ್ಪಳ ಒತ್ತಿ, ಮಾವಿನ ಮಿಡಿ ಉಪ್ಪಿಗೆ ಹಾಕಿ, ಮಳೆಗಾಲ ಇನ್ನೇನು ಬಂತು ಅನ್ನುವ ಹೊತ್ತಿಗೆ ವಯಸ್ಸಾದ ತಾಯಿಯನ್ನು ಒಬ್ಬರನ್ನೇ ಬಿಟ್ಟು ಬಸ್ ಹತ್ತಬೇಕು. ಮಲೆನಾಡಿನ ಜೂನ್, ಜುಲೈ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಫೋನ್ ಸಿಗುವುದಿಲ್ಲ. ಅದಕ್ಕೆ ಅಳು ಬರದೇ ಇರುತ್ತದೆಯಾ? ಆ ಅಳುವಿಗೂ ಶಾಲೆಗೂ ಸಂಬಂಧವೇ ಇಲ್ಲ. ಎರಡೂ ಒಂದೇ ವಾರದಲ್ಲಿ ಬರುತ್ತವೆ, ಅಷ್ಟೇ. ಹಾಗಾಗಿ ಒಂದನ್ನು ಇನ್ನೊಂದು ಅಂದುಕೊಳ್ಳುವುದು ಸುಲಭ.

ಇದಕ್ಕೆ ಮಾಡಬೇಕಾದ್ದೂ ಬೇರೆ. ಪಾಠದ ತಯಾರಿ ಮಾಡಿಕೊಂಡರೆ ಅಮ್ಮನ ಚಿಂತೆ ಕಡಿಮೆ ಆಗುವುದಿಲ್ಲ. ಹೊರಡುವ ಮೊದಲು ಅಕ್ಕಪಕ್ಕದ ಮನೆಯವರ ಹತ್ತಿರ ಮಾತಾಡಿಟ್ಟುಕೊಳ್ಳಿ. ಮೂರು ತಿಂಗಳಿಗೆ ಆಗುವಷ್ಟು ಮಾತ್ರೆ ತಂದಿಡಿ. ಯಾವ ವಾರ ಮತ್ತೆ ಬರುತ್ತೀರಿ ಅಂತ ಅಮ್ಮನಿಗೆ ತಾರೀಖು ಹೇಳಿ ಹೊರಡಿ. "ಬರ್ತೇನೆ ಅಮ್ಮ, ನೋಡೋಣ" ಅನ್ನುವುದಕ್ಕಿಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ ಒಂದು ಶನಿವಾರ ಇಬ್ಬರಿಗೂ ಧೈರ್ಯ ಕೊಡುತ್ತದೆ.

ಎರಡನೆಯದು ನಿದ್ದೆ. ರಜೆಯಲ್ಲಿ ಮಲಗುವುದು ತಡ, ಏಳುವುದೂ ತಡ. ಇದು ತಪ್ಪಲ್ಲ, ರಜೆ ಇರುವುದೇ ಅದಕ್ಕೆ. ಆದರೆ ಇಷ್ಟು ವಾರಗಳಲ್ಲಿ ದೇಹದ ಗಡಿಯಾರ ಆ ಹೊತ್ತಿಗೇ ಒಗ್ಗಿಕೊಂಡಿರುತ್ತದೆ. ಮೇ 28ರ ರಾತ್ರಿ ಹತ್ತಕ್ಕೆ ಮಲಗಿದರೆ ನಿದ್ದೆ ಬರುವುದಿಲ್ಲ. ನಿದ್ದೆ ಬರದೆ ಹೊರಳಾಡುವಾಗ ಮನಸ್ಸು ಸುಮ್ಮನಿರುವುದಿಲ್ಲ, ನಾಳೆಯ ಬಗ್ಗೆ ಕೆಟ್ಟದ್ದನ್ನೇ ಯೋಚಿಸುತ್ತದೆ. ಆಮೇಲೆ "ಶಾಲೆ ನೆನೆದೇ ನಿದ್ದೆ ಬರಲಿಲ್ಲ" ಅಂತ ಅನ್ನಿಸುತ್ತದೆ. ಬಹಳ ಸಲ ನಿದ್ದೆ ಬರದಿದ್ದದ್ದೇ ಮೊದಲು, ಯೋಚನೆ ಆಮೇಲೆ. ಶಾಲೆ ಶುರುವಾಗುವ ಒಂದು ವಾರ ಮೊದಲು ದಿನಕ್ಕೆ ಕಾಲು ಗಂಟೆ, ಅರ್ಧ ಗಂಟೆ ಬೇಗ ಏಳುತ್ತಾ ಬನ್ನಿ. ಬೇಗ ಮಲಗಲು ಒದ್ದಾಡಬೇಡಿ, ಬೇಗ ಎದ್ದರೆ ಸಾಕು, ಮಲಗುವ ಹೊತ್ತು ತಾನೇ ಹಿಂದಕ್ಕೆ ಬರುತ್ತದೆ. ಎದ್ದ ಕೂಡಲೇ ಅಂಗಳಕ್ಕೆ ಬನ್ನಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಬೇಗ ಸರಿಹೋಗುತ್ತದೆ.

ಇನ್ನು ಮೂರನೆಯದು, ನಿಜವಾಗಿ ಶಾಲೆಗೆ ಸೇರಿದ್ದು. ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮಗೆ ಇಷ್ಟ ಇರುವುದು ಏನು? ಏಳನೇ ತರಗತಿಯ ಮಕ್ಕಳ ಮುಂದೆ ಲಿಟ್ಮಸ್ ಕಾಗದ ನಿಂಬೆರಸಕ್ಕೆ ಅದ್ದಿದಾಗ ಅವರ ಕಣ್ಣು ದೊಡ್ಡದಾಗುತ್ತದಲ್ಲ, ಅದು. ಆದರೆ ಮೇ 29ಕ್ಕೆ ಶಾಲೆಯಲ್ಲಿ ಕಾಯುತ್ತಿರುವುದು ಲಿಟ್ಮಸ್ ಕಾಗದ ಅಲ್ಲ. ಕೊಠಡಿ, ಅಂಗಳ ಶುಚಿ ಮಾಡಿಸಬೇಕು. ಪ್ರಾರಂಭೋತ್ಸವಕ್ಕೆ ತಳಿರು ತೋರಣ, ಮಕ್ಕಳಿಗೆ ಸಿಹಿ. ದಾಖಲಾತಿ ಆಂದೋಲನ ಅಂತ ಮನೆಮನೆ ತಿರುಗಬೇಕು. ಟಿಸಿ ಕೊಡುವುದು, ತೆಗೆದುಕೊಳ್ಳುವುದು. ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿನ ವಿವರ ತುಂಬಬೇಕು, ಅದೂ ಸರ್ವರ್ ನಿಧಾನ ಇರುವ ಹೊತ್ತಿನಲ್ಲೇ. ಪಠ್ಯಪುಸ್ತಕ, ಸಮವಸ್ತ್ರ ಹಂಚಬೇಕು. ಬಿಸಿಯೂಟದ ಲೆಕ್ಕ ಇದೆ. ವೇಳಾಪಟ್ಟಿ, ವಾರ್ಷಿಕ ಪಾಠ ಯೋಜನೆ ಇದೆ. ಇವೆಲ್ಲದರ ಮಧ್ಯೆ ಸೇತುಬಂಧ, ಅಂದರೆ ಹಿಂದಿನ ವರ್ಷ ಕಲಿತದ್ದನ್ನು ಮತ್ತೆ ನೆನಪಿಸುವ ಕಾರ್ಯಕ್ರಮ.

ಮೇ 20ರ ರಾತ್ರಿ ಹೊಟ್ಟೆ ಕಿವುಚುವುದು ಈ ಪಟ್ಟಿಗೆ. ಪಾಠ ಮಾಡುವ ಕೆಲಸಕ್ಕೂ ಪಾಠದ ಸುತ್ತ ಇರುವ ಕೆಲಸಕ್ಕೂ ಒಂದೇ ಸಂಬಳ, ಒಂದೇ ಹಾಜರಿ ಪುಸ್ತಕ. ಅದಕ್ಕೇ ಮನಸ್ಸು ಎರಡನ್ನೂ "ಶಾಲೆ" ಅನ್ನುವ ಒಂದೇ ಹೆಸರಿನಲ್ಲಿ ನೆನೆಯುತ್ತದೆ. ಮೊದಲನೆಯದು ಇಷ್ಟ, ಎರಡನೆಯದು ಕಷ್ಟ ಅನ್ನುವುದರಲ್ಲಿ ವಿರೋಧ ಏನೂ ಇಲ್ಲ. ಅದು ಪ್ರಾಮಾಣಿಕ ಮಾತು. ನೀವು ನಿಮಗೇ ಅದನ್ನು ಬಿಡಿಸಿ ಹೇಳಿಕೊಳ್ಳಬೇಕು, ಅಷ್ಟೇ.

ಹೇಗೆ ಅಂದರೆ, ಸಂಕಟ ಬಂದ ಹೊತ್ತಿನಲ್ಲಿ ಒಂದು ಕಾಗದ ತೆಗೆದುಕೊಂಡು ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂದದ್ದು ಯಾವುದು ಅಂತ ಬರೆಯಿರಿ. "ಶಾಲೆ" ಅಂತ ಬರೆಯಬೇಡಿ. ಯಾವ ಕೋಣೆ, ಯಾರ ಮುಖ, ಯಾವ ರಿಜಿಸ್ಟರು? ಶಿಕ್ಷಕರ ಜೊತೆ ಕೂತು ಇದನ್ನು ಮಾಡಿಸಿದಾಗಲೆಲ್ಲ ಕಾಗದದ ಮೇಲೆ ಬರುವುದು ಮಕ್ಕಳಲ್ಲ. ಹೋದ ವರ್ಷ ಅರ್ಧ ಬಿಟ್ಟ ಒಂದು ದಾಖಲೆ, ಒಂದು ಬಾಕಿ ಲೆಕ್ಕ, ಕೋಪಿಸಿಕೊಂಡ ಒಬ್ಬ ಸಹೋದ್ಯೋಗಿ, ಇಂಥವೇ ಬರುತ್ತವೆ. ಗುರುತು ಸಿಕ್ಕಿದರೆ ಅದಕ್ಕೆ ಒಂದು ದಾರಿ ಇರುತ್ತದೆ. ದಾಖಲೆ ಮುಗಿಸಬಹುದು, ಸಹೋದ್ಯೋಗಿಗೆ ರಜೆಯಲ್ಲೇ ಒಂದು ಫೋನ್ ಮಾಡಬಹುದು. ಹೆಸರಿಲ್ಲದ ಭಯಕ್ಕೆ ಮಾತ್ರ ಏನೂ ಮಾಡಲಿಕ್ಕಾಗುವುದಿಲ್ಲ.

ಇನ್ನೊಂದು ಮಾತು. ಪಾಠ ಹೇಗಾದರೂ ಆಗಲಿ ಅನ್ನುವವರಿಗೆ ಮೊದಲ ದಿನದ ಕಳವಳ ಇರುವುದಿಲ್ಲ. ಈ ವರ್ಷದ ಆರನೇ ತರಗತಿ ಹೇಗಿದೆಯೋ, ಹೊಸ ಮಕ್ಕಳು ನನ್ನನ್ನು ಹಚ್ಚಿಕೊಳ್ಳುತ್ತಾರೋ ಇಲ್ಲವೋ ಅನ್ನುವ ತಳಮಳ ಬರುವುದು ಆ ಮಕ್ಕಳು ಬೇಕು ಅನ್ನುವವರಿಗೇ. ಆ ಪಾಲಿನ ಸಂಕಟವನ್ನು ಓಡಿಸಲು ಹೋಗಬೇಡಿ, ಇರಲಿ ಬಿಡಿ.

ಈಗ ನಿಮ್ಮ ಯಜಮಾನರ ಪ್ರಶ್ನೆ. "ಇಷ್ಟು ದಿನ ರಜೆ ಸಿಕ್ಕಿದ ಮೇಲೂ ಹೀಗಾ?" ಅವರು ಚುಚ್ಚಲು ಕೇಳುತ್ತಿಲ್ಲ ಅಂತ ಅಂದುಕೊಳ್ಳುತ್ತೇನೆ. ರಜೆ ಉದ್ದವಾದಷ್ಟೂ ವಿಶ್ರಾಂತಿ ಜಾಸ್ತಿ ಸಿಗಬೇಕು ಅನ್ನುವುದು ಎಲ್ಲರ ಲೆಕ್ಕ. ಆ ಲೆಕ್ಕ ಸರಿ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಜೆಸಿಕಾ ಡಿ ಬ್ಲೂಮ್ ಮತ್ತು ಜೊತೆಗಾರರು ಉದ್ದನೆಯ ರಜೆ ಹಾಕಿದ 54 ಉದ್ಯೋಗಿಗಳನ್ನು ರಜೆಗೆ ಮೊದಲು, ರಜೆಯ ನಡುವೆ, ರಜೆ ಮುಗಿದ ಮೇಲೆ ಮತ್ತೆ ಮತ್ತೆ ಕೇಳಿ ನೋಡಿದರು. ಅವರ ರಜೆ ಸರಾಸರಿ 23 ದಿನ ಇತ್ತು. ಮನಸ್ಸು, ದೇಹ ಎರಡೂ ಬೇಗನೆ ಚೇತರಿಸಿಕೊಂಡು ಸುಮಾರು ಎಂಟನೇ ದಿನಕ್ಕೆ ಅತಿ ಚೆನ್ನಾಗಿದ್ದವು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಎಲ್ಲ ಹಳೆಯ ಮಟ್ಟಕ್ಕೆ ಬಂದಿತ್ತು. 2013ರಲ್ಲಿ ಇದು ಪ್ರಕಟವಾಯಿತು. ಅಂದರೆ ನಿಮಗೆ ಸುಮಾರು ಏಳು ವಾರ ಸಿಕ್ಕಿತು ಅಂತ ಏಳು ವಾರದ ಶಕ್ತಿ ಜಮಾ ಆಗಿರುವುದಿಲ್ಲ. ವಿಶ್ರಾಂತಿ ಹಾಗೆ ಕೂಡಿಡಲು ಬರುವಂಥದ್ದಲ್ಲ.

ಅದೂ ಪೂರ್ತಿ ರಜೆ ಸಿಕ್ಕಿದ್ದರೆ. ಕರ್ನಾಟಕದ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ. 2024ರಲ್ಲಿ ಆ ರಜೆಯೊಳಗೇ ಏಪ್ರಿಲ್ 26 ಮತ್ತು ಮೇ 7ರಂದು ಲೋಕಸಭೆ ಚುನಾವಣೆ ಬಂತು. ತರಬೇತಿ, ಮಸ್ಟರಿಂಗ್ (ಮತಯಂತ್ರ ಪಡೆದು ಮತಗಟ್ಟೆಗೆ ಹೊರಡುವುದು), ಮತಗಟ್ಟೆ ಕೆಲಸ ಅಂತ ಎಷ್ಟು ಜನ ಶಿಕ್ಷಕರ ರಜೆ ಹರಿದು ಹಂಚಿಹೋಯಿತು! 2025ರ ದಸರಾ ರಜೆ ಮನೆಮನೆ ಸಮೀಕ್ಷೆಗೆ ಹೋಯಿತು. ಹೊರಗಿನವರಿಗೆ ಕಾಣುವುದು ಕ್ಯಾಲೆಂಡರ್‌ನ ಕೆಂಪು ದಿನಗಳು ಮಾತ್ರ. ಒಂದು ಸಂಜೆ ಯಜಮಾನರ ಜೊತೆ ಕೂತು, ಹೋದ ರಜೆಯಲ್ಲಿ ಯಾವ ದಿನ ಏನು ಮಾಡಿದಿರಿ ಅಂತ ಸುಮ್ನೆ ಹೇಳಿ ನೋಡಿ. ವಾದ ಮಾಡಬೇಡಿ. ತವರಿನಲ್ಲೂ ಅಡಿಗೆ, ಅಮ್ಮನ ಆಸ್ಪತ್ರೆ, ತೋಟದ ಕೆಲಸ ಇತ್ತು ಅನ್ನುವುದೂ ಅದರಲ್ಲಿ ಬರಲಿ. ಬ್ಯಾಂಕಿನವರು, ಲೆಕ್ಕ ಅವರಿಗೆ ಬೇಗ ಅರ್ಥವಾಗುತ್ತದೆ.

ಈಗ ಜೂನ್‌ಗೆ ಬರುತ್ತೇನೆ.

ಜರ್ಮನಿಯಲ್ಲಿ ಯಾನಾ ಕ್ಯೂನೆಲ್ ಮತ್ತು ಸಬೀನೆ ಸೊನೆಂಟಾಗ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞೆಯರು 131 ಶಾಲಾ ಶಿಕ್ಷಕರ ಮೇಲೆ ಒಂದು ಅಧ್ಯಯನ ಮಾಡಿದರು. 2011ರಲ್ಲಿ ಪ್ರಕಟವಾದ ಈ ಅಧ್ಯಯನ ನಿಮ್ಮ ಬಗ್ಗೆಯೇ ಬರೆದ ಹಾಗಿದೆ. ರಜೆ ಮುಗಿಸಿ ಬಂದ ಶಿಕ್ಷಕರಲ್ಲಿ ಕೆಲಸದ ಉತ್ಸಾಹ ಹೆಚ್ಚಿತ್ತು, ಬಳಲಿಕೆ ಕಡಿಮೆ ಇತ್ತು. ಒಂದು ತಿಂಗಳೊಳಗೆ ಎರಡೂ ಮೊದಲಿನ ಹಾಗೇ ಆದವು. ನನಗೆ ಮುಖ್ಯ ಅನ್ನಿಸಿದ್ದು ಮುಂದಿನ ಮಾತು. ಎಲ್ಲರಿಗೂ ಒಂದೇ ವೇಗದಲ್ಲಿ ಇಳಿಯಲಿಲ್ಲ. ಮರಳಿದ ಕೂಡಲೇ ಕೆಲಸದ ಹೊರೆ ಜಾಸ್ತಿ ಬಿದ್ದವರಿಗೆ ರಜೆಯ ಲಾಭ ಬೇಗ ಕರಗಿತು. ಕೆಲಸ ಶುರುವಾದ ಮೇಲೂ ಸಂಜೆ ಹೊತ್ತು ಆರಾಮ ಮಾಡಿದವರಿಗೆ ಅದು ಹೆಚ್ಚು ದಿನ ಉಳಿಯಿತು.

ಇದನ್ನು ಓದಿದ ಮೇಲೆ ನಿಮ್ಮ ಜೂನ್ ನೆನಪಿಸಿಕೊಳ್ಳಿ. "ಜೂನ್ ಪೂರ್ತಿ ಉತ್ಸಾಹದಲ್ಲಿ ಓಡಾಡುತ್ತೇನೆ." ಕೆಲಸ ಇಷ್ಟ ಇರುವವರ ಅಪಾಯ ಇದೇ. ಇಷ್ಟ ಇಲ್ಲದವರು ಜೂನ್‌ನಲ್ಲಿ ತಾವಾಗಿಯೇ ನಿಧಾನ ಇರುತ್ತಾರೆ, ಕೇಳಿದ್ದಷ್ಟು ಮಾಡಿ ನಾಲ್ಕೂವರೆಗೆ ಬಸ್ ಹತ್ತುತ್ತಾರೆ. ನಿಮ್ಮಂಥವರು ತಾಜಾ ಆಗಿ ಬಂದಿರುತ್ತೀರಿ, ಮಕ್ಕಳನ್ನು ಕಂಡ ಖುಷಿ ಇರುತ್ತದೆ, ಯಾರು ಏನು ಕೇಳಿದರೂ "ನಾನು ಮಾಡ್ತೀನಿ ಸರ್" ಅನ್ನುತ್ತೀರಿ. ಪ್ರಾರಂಭೋತ್ಸವದ ಜವಾಬ್ದಾರಿ ನಿಮಗೆ. ಜೂನ್ 5ರ ಪರಿಸರ ದಿನ ವಿಜ್ಞಾನದ ಟೀಚರ್ ಅಂತ ನಿಮಗೆ. ಜೂನ್ 21ರ ಯೋಗ ದಿನದ ಫೋಟೋ, ವರದಿಯೂ ನಿಮಗೇ. ಕಂಪ್ಯೂಟರ್ ಬರುತ್ತದೆ ಅಂತ ಎಸ್‌ಎಟಿಎಸ್ ಕೂಡ ನಿಮ್ಮ ತಲೆಗೆ. ಶಾಲೆಯಲ್ಲಿ ಒಮ್ಮೆ ಒಬ್ಬರ ಹೆಸರಿಗೆ ಬಿದ್ದ ಕೆಲಸ ಮಾರ್ಚ್‌ವರೆಗೂ ಅವರದ್ದೇ. ಹಾಗಾಗಿ ಜೂನ್ ಮೊದಲ ವಾರದ ಒಂದೊಂದು "ಹೂಂ" ಕೂಡ ಹತ್ತು ತಿಂಗಳ ಒಪ್ಪಂದ. ರಜೆಯಿಂದ ತಂದ ಶಕ್ತಿಯನ್ನೆಲ್ಲ ಎರಡು ವಾರದಲ್ಲಿ ಖರ್ಚು ಮಾಡಿ, ಜೊತೆಗೆ ಇಡೀ ವರ್ಷದ ಹೊರೆಯನ್ನೂ ಒಪ್ಪಿಕೊಂಡು ಬಂದಿರುತ್ತೀರಿ. ಆಗಸ್ಟ್‌ನಲ್ಲಿ ಸುಸ್ತಾಗುವುದು ಇದರಿಂದ. ನಿಮ್ಮ ಮನಸ್ಸು ದುರ್ಬಲ ಅಂತಲ್ಲ, ಪ್ರೀತಿ ಕಡಿಮೆ ಅಂತಲೂ ಅಲ್ಲ.

ಮಕ್ಕಳ ವಿಷಯದಲ್ಲಿ ಇಲಾಖೆ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದೆ. ರಜೆಯಿಂದ ಬಂದ ಮಗು ಮೊದಲ ದಿನವೇ ಹೊಸ ಪಾಠ ಹಿಡಿಯಲಾರದು ಅಂತ ಸೇತುಬಂಧ ಇಟ್ಟಿದೆ. ಮೊದಲು ಪೂರ್ವ ಪರೀಕ್ಷೆ, ಏನು ಮರೆತಿದೆ ಅಂತ ನೋಡುವುದು. ಆಮೇಲೆ ಮರೆತದ್ದನ್ನು ನಿಧಾನವಾಗಿ ಕಟ್ಟಿಕೊಡುವುದು. ಕೊನೆಗೆ ಸಾಫಲ್ಯ ಪರೀಕ್ಷೆ, ಅದಾದ ಮೇಲೆ ಹೊಸ ಪಾಠ. ಕಲಿಸುವವರೂ ಅದೇ ರಜೆಯಿಂದ ಬಂದವರು. ಅವರಿಗೂ ಕೆಲವು ವಾರ ಬೇಕು ಅನ್ನುವುದು ಯಾವ ಸುತ್ತೋಲೆಯಲ್ಲೂ ಇಲ್ಲ. ಅದನ್ನು ನೀವೇ ಮಾಡಿಕೊಳ್ಳಬೇಕು. ಸೇತುಬಂಧದ ದಿನಗಳು ಅದಕ್ಕೆ ಅನುಕೂಲವೂ ಹೌದು. ಆ ದಿನಗಳಲ್ಲಿ ಮಕ್ಕಳು ಗುಂಪಿನಲ್ಲಿ ಚಟುವಟಿಕೆ ಮಾಡುವುದು ಜಾಸ್ತಿ, ಟೀಚರ್ ನಿಂತು ವಿವರಿಸುವುದು ಕಡಿಮೆ. ಹಾಗೇ ಇರಲಿ. ಆ ಹೊತ್ತಿನಲ್ಲಿ ಹೊಸ ಪಾಠ ಶುರು ಮಾಡಿಬಿಡೋಣ ಅನ್ನುವ ಆತುರ ನಿಮ್ಮಂಥ ಉತ್ಸಾಹಿಗಳಿಗೇ ಬರುತ್ತದೆ. ತಡೆದುಕೊಳ್ಳಿ.

ಹೆಚ್ಚಿನ ಜವಾಬ್ದಾರಿ ಬಗ್ಗೆ ಹೀಗೆ ಮಾಡಿ. ಶಾಲೆ ತೆರೆದ ಮೊದಲ ಸಭೆಗೆ ಹೋಗುವ ಮೊದಲೇ, ಈ ವರ್ಷ ನಿಮಗೆ ಬೇಕಾದ ಒಂದು ಹೆಚ್ಚಿನ ಕೆಲಸ ಯಾವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿ. ನಿಮಗೆ ಖುಷಿ ಕೊಡುವುದೇ ಆಗಿರಲಿ. ವಿಜ್ಞಾನ ಮೇಳ ಇರಬಹುದು, ಕೇಂದ್ರ ಸರ್ಕಾರ ಮಕ್ಕಳ ಹೊಸ ಆಲೋಚನೆಗಳಿಗೆ ಕೊಡುವ ಇನ್‌ಸ್ಪೈರ್ ಅವಾರ್ಡ್‌ಗೆ ಮಕ್ಕಳ ಮಾದರಿ ತಯಾರು ಮಾಡಿಸುವುದಿರಬಹುದು. ಸಭೆಯಲ್ಲಿ ಅದನ್ನು ನೀವೇ ಮೊದಲು ಕೇಳಿ ತೆಗೆದುಕೊಳ್ಳಿ. ಆಮೇಲೆ ಬೇರೆ ಬಂದಾಗ "ಸರ್, ವಿಜ್ಞಾನ ಮೇಳ ನಾನು ತಗೊಂಡಿದೀನಿ. ಇದನ್ನೂ ತಗೊಂಡ್ರೆ ಎರಡೂ ಅರ್ಧಂಬರ್ಧ ಆಗತ್ತೆ" ಅನ್ನಿ. ಬರಿಗೈಯಲ್ಲಿ ಕೂತು "ಆಗಲ್ಲ" ಅನ್ನುವುದು ನಿಮಗೆ ಕಷ್ಟ. ಕೈಯಲ್ಲಿ ಒಂದು ಕೆಲಸ ಹಿಡಿದುಕೊಂಡು ಇನ್ನೊಂದಕ್ಕೆ "ಆಗಲ್ಲ" ಅನ್ನುವುದು ಸುಲಭ. ಎಸ್‌ಎಟಿಎಸ್ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿರಿ. ಬರುವವರೇ ಮಾಡಬೇಕು ಅಂತಾದರೆ ಬೇರೆಯವರು ಯಾವತ್ತೂ ಕಲಿಯುವುದಿಲ್ಲ. ಕಿರಿಯ ಸಹೋದ್ಯೋಗಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಎರಡು ವಾರ ನಿಧಾನ ಆಗುತ್ತದೆ, ಆಮೇಲೆ ಹೊರೆ ಅರ್ಧ ಆಗುತ್ತದೆ.

ಸಂಜೆ ಬಗ್ಗೆ ಹೇಳಬೇಕು, ಯಾಕೆಂದರೆ ಶಿಕ್ಷಕರ ಮೇಲಿನ ಆ ಜರ್ಮನಿಯ ಅಧ್ಯಯನದಲ್ಲಿ ನಿಮ್ಮ ಕೈಯಲ್ಲೇ ಇರುವ ವಿಷಯ ಅದೊಂದೇ. ಸಂಜೆ ಆರಾಮ ಅಂದರೆ ಸೋಫಾದಲ್ಲಿ ಕೂತು ಶಾಲೆಯ ವಾಟ್ಸ್ಯಾಪ್ ಗ್ರೂಪ್ ನೋಡುವುದಲ್ಲ. ಮನಸ್ಸು ಶಾಲೆಯಿಂದ ಹೊರಗೆ ಬರಬೇಕು. ಸೊನೆಂಟಾಗ್ ವರ್ಷಗಟ್ಟಲೆ ಅಧ್ಯಯನ ಮಾಡಿರುವುದು ಇದನ್ನೇ. ಕೆಲಸದ ಜಾಗ ಬಿಟ್ಟ ಮೇಲೂ ಮನಸ್ಸು ಅಲ್ಲೇ ಸುತ್ತುತ್ತಿದ್ದರೆ ದೇಹ ಕೂತಿದ್ದರೂ ದಣಿವು ಆರುವುದಿಲ್ಲ. ಕೆಲಸ ಇಷ್ಟ ಇರುವವರಿಗೆ ಇದು ಇನ್ನೂ ಕಷ್ಟ, ಯಾಕೆಂದರೆ ನಾಳೆಯ ಪ್ರಯೋಗದ ಬಗ್ಗೆ ಯೋಚಿಸುವುದು ಅವರಿಗೆ ಕೆಲಸ ಅಂತಲೇ ಅನ್ನಿಸುವುದಿಲ್ಲ. ಜೂನ್ ಒಂದು ತಿಂಗಳಾದರೂ ರಾತ್ರಿ ಎಂಟರ ಮೇಲೆ ಗ್ರೂಪ್ ಮ್ಯೂಟ್ ಮಾಡಿ. ತುರ್ತು ಇದ್ದರೆ ಹೆಡ್‌ಮಾಸ್ಟರ್ ಫೋನ್ ಮಾಡುತ್ತಾರೆ. ತವರಿನಲ್ಲಿ ಸಂಜೆ ಏನು ಮಾಡುತ್ತಿದ್ದಿರಿ? ಗಿಡಕ್ಕೆ ನೀರು ಹಾಕುತ್ತಿದ್ದಿರಾ, ಹಾಡು ಕೇಳುತ್ತಿದ್ದಿರಾ? ಅದರಲ್ಲಿ ಒಂದನ್ನು ಹಾವೇರಿಗೂ ತನ್ನಿ. ರಜೆಯ ಒಂದು ಅಭ್ಯಾಸ ಜೂನ್‌ನಲ್ಲಿ ಉಳಿದರೂ ಸಾಕಷ್ಟು ಫರಕ್ ಆಗುತ್ತದೆ.

ಬೆಳಿಗ್ಗೆ ಇದಕ್ಕೆ ಉಲ್ಟಾ. ಬಸ್ಸಿನಲ್ಲಿ ಬರುವಾಗ ಐದು ನಿಮಿಷ ಇವತ್ತಿನ ದಿನವನ್ನು ಮನಸ್ಸಿಗೆ ತಂದುಕೊಳ್ಳಿ. ಮೊದಲ ಪಿರಿಯಡ್ ಯಾವುದು, ಯಾವ ಮಗುವಿನ ಜೊತೆ ಮಾತಾಡಬೇಕು. ಸೊನೆಂಟಾಗ್ ಮತ್ತು ಕ್ಯೂನೆಲ್ 2016ರ ಇನ್ನೊಂದು ಅಧ್ಯಯನದಲ್ಲಿ, ಬೆಳಿಗ್ಗೆ ಹೀಗೆ ಮನಸ್ಸನ್ನು ಕೆಲಸಕ್ಕೆ ಜೋಡಿಸಿಕೊಂಡವರು ಆ ದಿನ ಕೆಲಸದಲ್ಲಿ ಹೆಚ್ಚು ತಲ್ಲೀನರಾಗಿದ್ದರು ಅಂತ ತೋರಿಸಿದ್ದಾರೆ. ಸಂಜೆ ಪೂರ್ತಿ ಬಿಡುವುದು, ಬೆಳಿಗ್ಗೆ ಮತ್ತೆ ಹಿಡಿಯುವುದು. ಎರಡೂ ಬೇಕು.

ಗಂಟಲಿನ ವಿಷಯವನ್ನು ನೀವು ಹಾಗೇ ತೇಲಿಸಿಬಿಟ್ಟಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ವಾರ ಮನೆಮಾತು ಮಾತ್ರ ಆಡಿದ ಗಂಟಲು ಒಂದೇ ಸಲ ದಿನಕ್ಕೆ ಐದಾರು ಪಿರಿಯಡ್ ಎತ್ತರದ ದನಿಯಲ್ಲಿ ಮಾತಾಡಬೇಕಾಗುತ್ತದೆ. ಜೊತೆಗೆ ಮಳೆ ಬಂದರೆ ತಗಡಿನ ಮಾಡಿನ ಸದ್ದು, ಅದರ ಮೇಲೆ ಕೂಗಬೇಕು. ಧ್ವನಿಯ ತೊಂದರೆ ಬೇರೆ ಕೆಲಸದವರಿಗಿಂತ ಶಿಕ್ಷಕರಲ್ಲಿ ಜಾಸ್ತಿ ಅನ್ನುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮೊದಲ ವಾರಗಳಲ್ಲಿ ಮಕ್ಕಳನ್ನು ಸುಮ್ಮನಾಗಿಸಲು ಕೂಗಬೇಡಿ. ಚಪ್ಪಾಳೆಯ ಒಂದು ತಾಳ ಕಲಿಸಿ, ನೀವು ತಟ್ಟಿದರೆ ಅವರು ತಿರುಗಿ ತಟ್ಟಬೇಕು. ಎರಡು ದಿನದಲ್ಲಿ ಕಲಿಯುತ್ತಾರೆ. ಬಾಟಲಿ ನೀರು ಮೇಜಿನ ಮೇಲಿರಲಿ, ಗುಟುಕು ಗುಟುಕಾಗಿ ಕುಡಿಯಿರಿ. ಶೌಚಾಲಯದ ತೊಂದರೆಗೆ ಹೆದರಿ ನೀರೇ ಕುಡಿಯದ ಟೀಚರ್‌ಗಳು ತುಂಬಾ ಜನ ಇದ್ದಾರೆ. ನಿಮ್ಮ ಶಾಲೆಯಲ್ಲೂ ಹಾಗಿದ್ದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಎತ್ತಬೇಕಾದ ವಿಷಯ ಅದು. ಗಂಟಲು ಕಟ್ಟಿದಾಗ ಪಿಸುಗುಟ್ಟುವುದು ಒಳ್ಳೆಯದು ಅಂತ ಅಂದುಕೊಳ್ಳುತ್ತಾರೆ, ಅದೂ ಶ್ರಮವೇ. ಮೆತ್ತಗೆ, ಸಹಜ ದನಿಯಲ್ಲಿ ಮಾತಾಡಿ, ಇಲ್ಲವೇ ಮೌನವಾಗಿರಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದನ್ನೂ ಬಿಡಿ. ದನಿ ಒಡೆದದ್ದು ಮೂರು ನಾಲ್ಕು ವಾರ ಆದರೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ಕಷಾಯ ಕುಡಿದುಕೊಂಡು ದಸರಾವರೆಗೆ ತಳ್ಳಬೇಡಿ.

ಸ್ಟಾಫ್ ರೂಮಿನ ಮುಜುಗರಕ್ಕೆ ಉದ್ದ ಉತ್ತರ ಬೇಡ. "ಅಯ್ಯೋ, ಮತ್ತೆ ಶುರುವಾಯ್ತಲ್ಲ" ಅನ್ನುವ ಎಲ್ಲರಿಗೂ ಕೆಲಸ ಬೇಡ ಅಂತಲ್ಲ. ರಜೆ ಮುಗಿದಾಗ ಹಾಗನ್ನುವುದು ಒಂದು ರೂಢಿ, ಭೇಟಿಯಾದಾಗ ಊಟ ಆಯ್ತಾ ಅನ್ನುವ ಹಾಗೆ. ನೀವು ಅದಕ್ಕೆ ದನಿಗೂಡಿಸಲೂ ಬೇಕಿಲ್ಲ, ಪಾಠ ಹೇಳಲೂ ಬೇಕಿಲ್ಲ. "ಮಕ್ಕಳನ್ನ ನೋಡಿ ಖುಷಿ ಆಯ್ತಪ್ಪ" ಅಂತ ಒಂದೇ ಮಾತು ಹೇಳಿ. ಇನ್ನೊಬ್ಬರು ಯಾರೋ "ಹೌದು, ನನಗೂ" ಅನ್ನುತ್ತಾರೆ, ನೋಡಿ. ಆದರೆ ಅವರಲ್ಲಿ ನಿಜವಾಗಿ ಬಳಲಿದವರೂ ಇರಬಹುದು. ದೂರದ ಊರಿಂದ ಓಡಾಡುವವರು, ಒಬ್ಬರೇ ಮೂರು ತರಗತಿ ನೋಡಿಕೊಳ್ಳುವವರು, ಕಡಿಮೆ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕರು. ಅತಿಥಿ ಶಿಕ್ಷಕರಿಗಂತೂ ಬೇಸಿಗೆ ಎರಡು ತಿಂಗಳು ದುಡ್ಡೇ ಇಲ್ಲ, ಈ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಅನ್ನುವ ಆತಂಕ ಬೇರೆ. ಅವರ ಮುಂದೆ ನಿಮ್ಮ ಖುಷಿಯನ್ನು ಮುಚ್ಚಿಡಬೇಕಿಲ್ಲ, ಅವರ ಮಾತನ್ನು ಸ್ವಲ್ಪ ಹೊತ್ತು ಕೂತು ಕೇಳಿದರೆ ಆಯಿತು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಷ್ಟಪಟ್ಟು ಮಾಡುವ ಯಾವುದೇ ಚಟುವಟಿಕೆಯ ಪ್ರೀತಿಯಲ್ಲಿ ಎರಡು ಬಗೆ ಇದೆ ಅಂತ ಕೆನಡಾದ ಮನಃಶಾಸ್ತ್ರಜ್ಞ ರಾಬರ್ಟ್ ವ್ಯಾಲರಾಂಡ್ ಮತ್ತು ಜೊತೆಗಾರರು 2003ರಲ್ಲಿ ಬರೆದರು. ಒಂದರಲ್ಲಿ ಕೆಲಸ ನಿಮ್ಮ ಬದುಕಿನ ಉಳಿದ ಸಂಗತಿಗಳ ಜೊತೆ ಹೊಂದಿಕೊಂಡಿರುತ್ತದೆ. ಬೇಕಾದಾಗ ಹಿಡಿಯುತ್ತೀರಿ, ಸಾಕಾದಾಗ ಬಿಡುತ್ತೀರಿ. ಇನ್ನೊಂದರಲ್ಲಿ ಬಿಡಲು ಆಗುವುದೇ ಇಲ್ಲ. ಬಿಟ್ಟರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಇಬ್ಬರೂ ಒಳ್ಳೆಯ ಟೀಚರ್ ಅಂತಲೇ ಹೆಸರು ಮಾಡಿರುತ್ತಾರೆ. ನಿಮ್ಮದು ಯಾವುದು ಅಂತ ತಿಳಿಯಲು ರಜೆಯೇ ಒಳ್ಳೆಯ ಸಮಯ. ಏಪ್ರಿಲ್ ಕೊನೆಯಲ್ಲಿ ನಾಲ್ಕು ದಿನ ಶಾಲೆಯ ನೆನಪೇ ಬರಲಿಲ್ಲ ಅಂದರೆ, ಅದಕ್ಕೆ ಬೇಜಾರೂ ಆಗಲಿಲ್ಲ ಅಂದರೆ, ನಿಮ್ಮದು ಮೊದಲನೆಯದು. ತವರಿನಲ್ಲಿ ಕೂತೂ ದಿನಾ ಪ್ರಯೋಗದ ಸಾಮಾನಿನ ಪಟ್ಟಿ ಮಾಡುತ್ತಿದ್ದರೆ, ಸುಮ್ಮನೆ ಕೂತರೆ ತಪ್ಪಿತಸ್ಥೆ ಅನ್ನಿಸುತ್ತಿದ್ದರೆ, ಈ ವರ್ಷ ಸಂಜೆಗಳನ್ನು ಇನ್ನೂ ಗಟ್ಟಿಯಾಗಿ ಕಾಯ್ದುಕೊಳ್ಳಿ.

ಮೇಲೆ ಹೇಳಿದ್ದೆಲ್ಲ ಬಂದು ಹೋಗುವ ಸಂಕಟದ ಮಾತು. ಶಾಲೆ ಶುರುವಾಗಿ ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ತರಗತಿಯಲ್ಲೂ ಖುಷಿ ಸಿಗದಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಸರಿ, ಇದನ್ನು ರಜೆಯ ಲೆಕ್ಕಕ್ಕೆ ಹಾಕಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು. ಹಾಗೇ, ಕಾಗದದ ಮೇಲೆ ಪ್ರತಿ ಸಲ ಒಬ್ಬರದ್ದೇ ಮುಖ ಬರುತ್ತಿದ್ದು, ಅವರು ನಿಮ್ಮನ್ನು ಹೀಯಾಳಿಸುವವರೋ ಹೆದರಿಸುವವರೋ ಆಗಿದ್ದರೆ, ನಿದ್ದೆ ಸರಿಮಾಡಿಕೊಂಡು ಅದು ಹೋಗುವುದಿಲ್ಲ. ನಿಮ್ಮ ನಂಬಿಕೆಯ ಒಬ್ಬ ಹಿರಿಯ ಸಹೋದ್ಯೋಗಿಗೆ ಮೊದಲು ಹೇಳಿ, ನಡೆದದ್ದನ್ನು ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಆಮೇಲೆ ಬೇಕಿದ್ದರೆ ನನಗೆ ಮತ್ತೆ ಬರೆಯಿರಿ, ಅದಕ್ಕೆ ಬೇರೆಯೇ ಉತ್ತರ ಬೇಕು.

ಕೊನೆಗೆ, ಎರಡು ದಿನ ಮೊದಲೇ ಹೋಗಬಹುದಾ ಅಂತ ಕೇಳಿದ್ದೀರಿ. ಎರಡು ದಿನ ಬೇಡ, ಅದರಲ್ಲಿ ಒಂದು ದಿನ ಅಮ್ಮನಿಗಿರಲಿ. ಮೇ 28ರ ಬೆಳಿಗ್ಗೆ ಒಂದರ್ಧ ದಿನ ಹೋಗಿ. ವಿಜ್ಞಾನದ ಕಪಾಟು ಮಾತ್ರ ತೆರೆಯಿರಿ. ಬೀಕರ್, ಪ್ರನಾಳ ತೊಳೆದಿಡಿ, ಭೂತಗನ್ನಡಿ ಎಷ್ಟು ಉಳಿದಿವೆ ಅಂತ ನೋಡಿ, ಮೊದಲ ವಾರಕ್ಕೆ ಬೇಕಾದ್ದನ್ನು ಒಂದು ಬುಟ್ಟಿಗೆ ಹಾಕಿಡಿ. ಆಫೀಸ್ ಕೋಣೆಯ ಬಾಗಿಲು ತೆರೆದಿದ್ದರೂ ಒಳಗೆ ಹೋಗಬೇಡಿ, ಹೋದರೆ ಯಾರಾದರೂ ಒಂದು ರಿಜಿಸ್ಟರು ಕೈಗೆ ಕೊಟ್ಟೇ ಕೊಡುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಮನೆಯಲ್ಲಿರಿ.